ನವ್ಯಾಳ ಬಲಗೈ

ಕಿರಿಮಂಜೇಶ್ವರದ ಕಡಲ ಬದಿಯ ಆ ಮನೆಯಿಂದ ಬೆಳಿಗ್ಗೆ ಮೊದಲು ಹೊರಡುವವಳು ಅತ್ತೆ ಬಾಗಿ, ಅವಳ ಬೆನ್ನಿಗೇ ಸೊಸೆ ನವ್ಯಾ. ಬಾಗಿ ಬೈಂದೂರಿನ ಮೀನು ಮಾರ್ಕೆಟ್ಟಿಗೆ, ನವ್ಯಾ ಹೆದ್ದಾರಿ ಬದಿಯ ಗೇರುಬೀಜದ ಶೆಡ್ಡಿಗೆ. ಬಾಗಿಯ ಮಗ ರತನ್ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕಿದ್ದ. ಹೋದರೆ ವಾರಗಟ್ಟಲೆ ಕಡಲಿನಲ್ಲೇ. ಹಗಲು ಮನೆಯಲ್ಲಿ ಉಳಿಯುತ್ತಿದ್ದವನು ಮಾವ ಗುಡ್ಡ ಒಬ್ಬನೇ. ಉಬ್ಬಸ ಹಿಡಿದು ಅವನು ಬಲೆ ಬಿಟ್ಟು ವರ್ಷಗಳಾಗಿದ್ದವು. ಮೊಮ್ಮಗಳು ಶ್ರಾವ್ಯಳನ್ನು ಮೂರನೇ ಕ್ಲಾಸಿಗೆ ಬಿಟ್ಟು ಬರುವುದು, ಕೋಳಿ ನೋಡಿಕೊಳ್ಳುವುದು, ಒಣಗಿದ ಬಟ್ಟೆ ಎತ್ತುವುದು ಅವನ ಪಾಲಿನ ಕೆಲಸ.

ನವ್ಯಾ ಹೋಗುತ್ತಿದ್ದ ಶೆಡ್ಡಿನಲ್ಲಿ ಹತ್ತು ಜನರೂ ಇರಲಿಲ್ಲ. ಹಸಿ ಬೀಜವನ್ನು ದೊಡ್ಡ ಕುಕ್ಕರಿಗೆ ತುಂಬಿ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಕತ್ತರಿಸಿ ತಿರುಳು ತೆಗೆಯುತ್ತಿದ್ದರು. ನವ್ಯಾಳದು ಕತ್ತರಿಸುವ ಕೆಲಸ, ಸಿಪ್ಪೆಯಿಂದ ಒಸರುವ ಎಣ್ಣೆ ಚರ್ಮ ಸುಡುವಂಥದ್ದು. ಹಬೆಯ ಹತ್ತಿರ ನಿಲ್ಲುವವನು ಬಾರದ ದಿನ ಮೇಸ್ತ್ರಿ ದಾಮೋದರ ಅವಳನ್ನೇ ಅಲ್ಲಿಗೆ ಕಳಿಸುತ್ತಿದ್ದ, ಅವಳು ಯಾವ ಕೆಲಸವನ್ನಾದರೂ ಬೇಗ ಕಲಿಯುವವಳು ಎಂದು. ಕುಕ್ಕರಿನ ಮುಚ್ಚಳದ ರಬ್ಬರು ಹರಿದು ಬದಿಯಿಂದ ಹಬೆ ಬುಸುಗುಡುತ್ತಿತ್ತು. ಹೆಂಗಸರು ದಾಮೋದರನಿಗೆ ಹೇಳಿದ್ದರು. ದಾಮೋದರ ಧಣಿಗೆ ಹೇಳಿದ್ದ. ಧಣಿ, ಈ ಸೀಸನ್ ಮುಗಿಯಲಿ ಎಂದಿದ್ದರು.

ಸೀಸನ್ ಮುಗಿಯುವ ಮೊದಲೇ, ನವ್ಯಾ ಕುಕ್ಕರಿನ ಹತ್ತಿರ ನಿಂತಿದ್ದ ಒಂದು ಮಧ್ಯಾಹ್ನ, ಮುಚ್ಚಳ ಎಗರಿತು. ನವ್ಯಾ ಬಲಗೈ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಮುಖ ಉಳಿಯಿತು. ಬೆರಳಿನಿಂದ ಮೊಣಕೈಯವರೆಗೆ ಕೈಯ ಹೊರಬದಿ, ಕಿವಿಯ ಕೆಳಗೆ ಕತ್ತಿನ ಒಂದು ಪಕ್ಕ ಬೆಂದುಹೋಯಿತು. ಜತೆಯ ಹೆಂಗಸರು ಅವಳನ್ನು ಹೊರಗೆ ಎಳೆದು ತಂದು ಕೂರಿಸಿದರು. ಯಾರೋ ಓಡಿಹೋಗಿ ಟೂತ್‌ಪೇಸ್ಟ್ ತಂದು ಬಳಿದರು. ದಾಮೋದರ ಶೆಡ್ಡಿನ ಗಾಡಿಯಲ್ಲೇ ಮಣಿಪಾಲಕ್ಕೆ ಕರೆದೊಯ್ದ.

ಸುದ್ದಿ ತಿಳಿದ ಬಾಗಿ ಮೀನಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಕೈ ಕೂಡ ಸರಿಯಾಗಿ ತೊಳೆಯದೆ ಬಸ್ಸು ಹತ್ತಿದಳು. ಅವಳು ಆಸ್ಪತ್ರೆ ಮುಟ್ಟುವಾಗ ನವ್ಯಾಳ ಕೈ ಊದಿ, ಬಳೆ ಚರ್ಮದೊಳಗೆ ಹೂತುಹೋಗಿ, ನರ್ಸ್ ಅದನ್ನು ಕತ್ತರಿಸಿ ತೆಗೆಯುತ್ತಿದ್ದಳು.

"ಈ ಪೇಸ್ಟ್ ಯಾರು ಹಚ್ಚಿದ್ದು?" ಡಾಕ್ಟರ್ ಕೇಳಿದರು.

"ಅಲ್ಲಿಯ ಹೆಂಗಸ್ರ್. ತಂಪಾತ್ತ್ ಅಂದೇಳಿ," ಎಂದಳು ಬಾಗಿ.

"ಬೆಂದ ಕೂಡಲೇ ನಲ್ಲಿ ನೀರು ಬಿಡಬೇಕಿತ್ತು. ಇಪ್ಪತ್ತು ನಿಮಿಷ, ಬರೀ ನಲ್ಲಿ ನೀರು. ಪೇಸ್ಟೂ ಅಲ್ಲ, ಎಣ್ಣೆಯೂ ಅಲ್ಲ, ಐಸೂ ಅಲ್ಲ. ಬಳೆ, ಉಂಗುರ ಊದುವ ಮೊದಲೇ ತೆಗೆಯಬೇಕು. ಇನ್ನು ಯಾರಿಗಾದರೂ ಆದರೆ ನೆನಪಿಟ್ಟುಕೊಳ್ಳಿ."

ಬಾಗಿ ತಲೆಯಾಡಿಸಿದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೇಳಿದ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಅಭ್ಯಾಸ. ಆ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಅವಳು ನಲ್ಲಿ ನೀರಿನ ಮಾತು ಹೇಳಿದಳು.

ರತನ್ ಬೋಟಿನಿಂದ ಇಳಿದು ಬಂದದ್ದು ಮರುದಿನ. ಹೆಂಡತಿಯ ಮುಖ ನೋಡಿದ, ಕೈ ನೋಡಲಾಗಲಿಲ್ಲ.

"ತುಂಬ ನೋಯ್ತಿತ್ತಾ?"

"ಮೊಣಕೈ ಹತ್ರ ಜೀವ ಹೋತ್ತ್," ಎಂದಳು ನವ್ಯಾ. "ಕೈ ಮೇಲ್ಬದಿ ಮಾತ್ರ ಎಂತದೂ ಗೊತ್ತಾತಿಲ್ಲೆ."

ರತನ್‌ಗೆ ಅಷ್ಟರಲ್ಲೇ ಸಮಾಧಾನ. ಡಾಕ್ಟರ್ ಬಂದಾಗ, ಕೈ ಮೇಲೆ ನೋವಿಲ್ಲವಂತೆ, ಅಲ್ಲಿ ಜಾಸ್ತಿ ಆಗಿಲ್ಲ ಅಲ್ಲವಾ ಎಂದು ಕೇಳಿದ.

ಡಾಕ್ಟರ್ ಅವನನ್ನು ಬದಿಗೆ ಕರೆದರು. "ನೋವಿರುವ ಕಡೆ ಚರ್ಮ ಬದುಕಿದೆ. ಕೆಂಪಾಗಿ, ಗುಳ್ಳೆ ಎದ್ದಿದೆಯಲ್ಲ, ಅದು ತಾನಾಗಿ ಮಾಯುತ್ತದೆ. ನೋವೇ ಇಲ್ಲದೆ ಬೆಳ್ಳಗಾಗಿರುವ ಕಡೆ ಆಳದವರೆಗೆ ಸುಟ್ಟಿದೆ. ನೋವು ತಿಳಿಸುವ ನರವೇ ಅಲ್ಲಿ ಉಳಿದಿಲ್ಲ. ತೊಡೆಯಿಂದ ಚರ್ಮ ತೆಗೆದು ಅಲ್ಲಿಗೆ ಹಾಕಬೇಕು."

ರತನ್ ಗೋಡೆ ಬದಿಯ ಬೆಂಚಿನ ಮೇಲೆ ಕೂತ. ತಾಯಿ ಬಂದು ಚಹಾದ ಲೋಟ ಕೈಗಿತ್ತರೆ ಅದು ತಣಿಯುವವರೆಗೆ ಹಾಗೇ ಹಿಡಿದಿದ್ದ.

ಚರ್ಮ ಹಾಕಿದ ಮೇಲೆ ನವ್ಯಾ ಮನೆಗೆ ಬಂದಳು. ಬಲಗೈಗೆ ಮೊಣಕೈಯವರೆಗೆ ಬ್ಯಾಂಡೇಜು, ತೊಡೆಗೆ ಬೇರೆ. ತೊಡೆಯ ಉರಿ ಕೈಗಿಂತ ಹೆಚ್ಚಿತ್ತು. ಶ್ರಾವ್ಯ ಬಾಗಿಲ ಹತ್ತಿರವೇ ನಿಂತಳು. ಔಷಧಿಯ ವಾಸನೆಗೆ ಅಮ್ಮನ ಪಕ್ಕ ಮಲಗಲಾರೆನೆಂದು ಅಜ್ಜನ ಚಾಪೆಗೆ ಹೋದಳು. ನವ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅಡುಗೆ ಮನೆ ಗುಡ್ಡನ ಕೈಗೆ ಬಂತು. ಹಿಂದೆ ಬೋಟಿನಲ್ಲಿ ಇಪ್ಪತ್ತು ಜನರಿಗೆ ಬೇಯಿಸಿದ್ದವನು. ಉಬ್ಬಸ ಎಳೆಯುತ್ತ, ಎರಡೆರಡು ಸಲ ಹೊರಗೆ ಹೋಗಿ ಗಾಳಿ ಕುಡಿದು ಬಂದು, ಮಸಾಲೆ ಅರೆದು ಇಡುತ್ತಿದ್ದ. ಜಗಳ ಹುಟ್ಟಿದ್ದು ಅಡುಗೆಯ ವಿಷಯಕ್ಕೇ. ಬಾಗಿ ಸೊಸೆಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೇನೂ ಕೊಡಗೊಡಲಿಲ್ಲ.

"ಮೀನ್ ನಂಜ್. ಗಾಯ ಕೀವ್ ಕಟ್ಟತ್ತ್," ಎಂದಳು.

"ಡಾಕ್ಟ್ರ್ ಎಂತ ಹೇಳಿದ್ರ್? ಮೊಟ್ಟೆ, ಮೀನ್, ಬೇಳೆ ಕೊಡಿ ಅಂದ್ರ್," ಗುಡ್ಡ ಸೌಟು ಹಿಡಿದೇ ಹೊರಗೆ ಬಂದ. "ಹೊಸ ಚರ್ಮ ಎಂತದ್ರಲ್ ಹುಟ್ಕ್? ಉಪ್ಪಿನ್ಕಾಯಂಗಾ?"

"ನನ್ನಬ್ಬಿ ಹೇಳಿದ್ದೂ ಇತ್ತ್," ಎಂದು ಬಾಗಿ ತನ್ನ ತಾಯಿಯ ಮಾತು ಎತ್ತಿದಳು.

"ನಿನ್ನಬ್ಬಿಗೆ ಸುಟ್ಟಿದ್ದಿಲ್ಲೆ. ಊರಿಗೆಲ್ಲ ಮೀನ್ ಮಾರ್ತೆ, ಮನಿ ಸೊಸೆಗೆ ಗಂಜಿ ನೀರ್ ಕುಡಿಸ್ತೆ. ಕಂಡವ್ರ್ ಎಂತ ಹೇಳ್ತ್ರ್?"

ಮರುದಿನ ಸಂಜೆ ಬಾಗಿ ಬುಟ್ಟಿಯ ತಳದಲ್ಲಿ ಬಾಳೆಲೆ ಸುತ್ತಿ ನಾಲ್ಕು ನಂಗ್ ಮೀನು ತಂದು ಗಂಡನ ಮುಂದಿಟ್ಟಳು. "ಮುಳ್ಳ್ ಕಮ್ಮಿ ಇದ್ರಂಗೆ. ಖಾರ ಜಾಸ್ತಿ ಹಾಕ್ಬೇಡಿ," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದಳು.

ನವ್ಯಾಳಿಗೆ ಎಡಗೈಯಲ್ಲಿ ಉಣ್ಣಲು ಮನಸ್ಸು ಬರಲಿಲ್ಲ. ಬಾಗಿಯೇ ಅನ್ನ ಕಲಸಿ, ಮುಳ್ಳು ಬಿಡಿಸಿ ಬಾಯಿಗಿಟ್ಟಳು. "ಬಾಯಿ ತೆರಿ ಹೆಣೆ. ನಂಗೆ ಪಾತ್ರೆ ತೊಳುಕಿತ್ತ್," ಎನ್ನುತ್ತ. ಒಂದು ರಾತ್ರಿ ಶ್ರಾವ್ಯ ಅದನ್ನು ನೋಡಿ ನಕ್ಕಳು. ನಗುತ್ತಲೇ ಹತ್ತಿರ ಬಂದು, "ಅಮ್ಮಮ್ಮ, ನಾನ್ ಕೊಡ್ತೆ," ಎಂದು ತಟ್ಟೆ ಎಳೆದುಕೊಂಡಳು. ಆಮೇಲೆ ಚಾಪೆ ಮತ್ತೆ ಅಮ್ಮನ ಪಕ್ಕಕ್ಕೆ ಬಂತು.

ಗಾಯ ಮಾಯಿತು. ಕಷ್ಟ ಶುರುವಾದದ್ದು ಆಗ. ಹೊಸ ಚರ್ಮ ಒಣಗುತ್ತ ಬಿಗಿಯತೊಡಗಿತು. ಕೈಯ ಮೇಲ್ಬದಿ ಎಳೆದು ಬೆರಳುಗಳು ಮಡಚದಂತೆ ನೆಟ್ಟಗೆ ನಿಂತವು. ಸುಟ್ಟ ಗಾಯದ ಕಲೆ ಒಂದೆರಡು ವರ್ಷ ಎಳೆಯುತ್ತಲೇ ಇರುತ್ತದೆ, ದಿನವೂ ಎಣ್ಣೆ ತಿಕ್ಕಿ ಬೆರಳು ಮಡಚದಿದ್ದರೆ ಹಾಗೇ ಗಟ್ಟಿಯಾಗುತ್ತದೆ ಎಂದು ಆಸ್ಪತ್ರೆಯ ವ್ಯಾಯಾಮ ಕಲಿಸುವ ಹುಡುಗಿ ಬಾಗಿಗೆ ಮಾಡಿ ತೋರಿಸಿದ್ದಳು. ಉಳಿದ ಹೊತ್ತು ಬಿಗಿಯಾದ ಗ್ಲೌಸು ಹಾಕಿರಬೇಕು. ತುರಿಕೆ ಬಂದರೆ ಕೆರೆಯಬಾರದು.

ಬಾಗಿ ಮಾರ್ಕೆಟ್ಟಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಉಂಡ ಮೇಲೆ ಒಮ್ಮೆ ಸೊಸೆಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ತೆಂಗಿನೆಣ್ಣೆ ತಿಕ್ಕಿ ಒಂದೊಂದೇ ಬೆರಳನ್ನು ಒತ್ತಿ ಬಗ್ಗಿಸುತ್ತಿದ್ದಳು. ನವ್ಯಾಳ ಕೂಗು ರಸ್ತೆಯವರೆಗೆ ಕೇಳುತ್ತಿತ್ತು. ಸೊಸೆಗೆ ಹೊಡೆಯುತ್ತಾಳೆ ಎಂದು ಯಾರೋ ಹೇಳಿದ್ದು ಬಾಗಿಯ ಕಿವಿಗೂ ಬಿತ್ತು.

"ಹೇಳ್ಲಿ," ಎಂದಳು. "ಕೈ ಮಡ್ಚು ದಿನ ಅವ್ರೇ ಬಂದ್ ಕಾಣ್ತ್ರ್."

ಆ ನಡುವೆ ದಾಮೋದರ ಸೇಬು, ಮೋಸಂಬಿ ಹಿಡಿದು ಬಂದ. ಜಗುಲಿಯ ತುದಿಯಲ್ಲಿ ಕೂತ. ಮೊದಲ ಆಸ್ಪತ್ರೆ ಬಿಲ್ಲನ್ನು ಧಣಿ ಕಟ್ಟಿದ್ದರು. ಆಮೇಲಿನದು ಮನೆಯವರ ತಲೆಗೇ ಬಿದ್ದು ನವ್ಯಾಳ ಸರ ಸೊಸೈಟಿಯಲ್ಲಿ ಅಡವಿತ್ತು.

"ಧಣಿ ಒಂದ್ ಲಕ್ಷ ಕೊಡ್ತ್ರಂಬ್ರ್," ಎಂದ. "ಕೋರ್ಟ್ ಕಚೇರಿ ಬ್ಯಾಡ ಅಂದೇಳಿ ಒಂದ್ ಸೈನ್ ಹಾಕ್ಕಂಬ್ರ್. ನಿಮ್ಮ ಕೈತಪ್ಪಿಂದ ಆದ್ದ್ ಅಂತ ಅದ್ರಂಗಿತ್ತ್."

ರತನ್ ಕಡಲಿನಲ್ಲಿದ್ದ. ಬಾಗಿ, ಗುಡ್ಡ ಇಬ್ಬರೂ ನವ್ಯಾಳ ಮುಖ ನೋಡಿದರು.

"ದಾಮೋದರಣ್ಣ, ಮುಚ್ಚಳದ ರಬ್ಬರ್ ಹಾಕ್ಸಿದ್ರಾ?" ನವ್ಯಾ ಕೇಳಿದಳು.

ಅವನು ನೆಲ ನೋಡಿದ. "ಬಟ್ಟೆ ಸುತ್ತಿ ನಡಿಸ್ತಿದ್ರ್."

"ಈಗ ಅಲ್ಲಿ ಯಾರ್ ನಿಲ್ತ್ರ್?"

"ಸೀತು."

ಸೀತು ನಾಲ್ಕು ಮನೆ ಆಚೆಯ ವಿಧವೆ, ಇಬ್ಬರು ಸಣ್ಣ ಮಕ್ಕಳ ತಾಯಿ. ನವ್ಯಾ ಎದ್ದು ನಿಂತಳು. "ಹಾಂಗಾರೆ ಸೈನ್ ಹಾಕ್ತಿಲ್ಲೆ. ಹಣ್ಣ್ ಇಟ್ಟ್ ಹೋಯ್ನಿ, ಮಗು ತಿಂತ್ಲ್. ಧಣಿಗೆ ಹೇಳಿ, ನಾನ್ ಕುಂದಾಪುರಕ್ಕೆ ಹೋತೆ ಅಂದೇಳಿ."

ವಕೀಲೆ ಚಂದ್ರಮತಿ ಕೋಟದ ಕಡೆಯವರು. ಕುಂದಾಪುರದಲ್ಲಿ ಕೋರ್ಟಿನ ಹತ್ತಿರವೇ ಅವರ ಆಫೀಸು. ನವ್ಯಾ ಅತ್ತೆಯನ್ನು ಕರೆದುಕೊಂಡೇ ಹೋದಳು. ಚಂದ್ರಮತಿ ಗ್ಲೌಸು ತೆಗೆಸಿ ಕೈ ನೋಡಿ, ಮುಖ ಕಿವುಚದೆ, ಹೇಗಾಯಿತೆಂದು ಮೊದಲಿನಿಂದ ಕೇಳಿದರು.

"ನನ್ನ ಕೈತಪ್ಪ್ ಅಂತ್ರಲೆ ಅವ್ರ್?" ನವ್ಯಾ ಕೇಳಿದಳು.

"ಹೇಳ್ಲಿ. ಕೆಲಸದ ಹೊತ್ತಂಗೆ, ಕೆಲಸದಿಂದ ಆದ ಪೆಟ್ಟ್. ಕುಡ್ದ್ ಬಂದಿದ್ರೆ, ಬೇಕಂತ್ಲೇ ಮಾಡ್ಕಂಡಿದ್ರೆ ಬೇರೆ ಮಾತ್. ಚೂರ್ ಅಜಾಗ್ರತೆ ಆಯ್ತ್ ಅಂತ ಧಣಿ ಪರಿಹಾರ ತಪ್ಪಿಸ್ಕಂಬುಕೆ ಆತಿಲ್ಲೆ. ನಿಮ್ಮ ಸಂಬಳ, ಪ್ರಾಯ, ಇನ್ನ್ ಎಷ್ಟ್ ದುಡಿಯೂ ಶಕ್ತಿ ಹೋಯ್ತ್ ಅಂತ ಡಾಕ್ಟ್ರ್ ಹೇಳುದ್, ಇದ್ರ ಮೇಲೆ ಲೆಕ್ಕ ಆತ್ತ್."

"ಮುಚ್ಚಳದ್ದ್ ಎಂತ ಮಾಡುದ್?" ಎಂದಳು ನವ್ಯಾ. "ಅಲ್ಲಿ ಈಗ ಮತ್ತೊಬ್ಳ್ ನಿಂತಿದ್ಲ್."

ಚಂದ್ರಮತಿ ಪೆನ್ನು ಕೆಳಗಿಟ್ಟರು. "ಅದಕ್ಕೆ ಇವತ್ತೇ ಬೇರೆ ಅರ್ಜಿ ಬರೀತೆ. ಕಾರ್ಖಾನೆ ಕಾಂಬ ಆಫೀಸರ್ ಬತ್ರ್."

ಆಫೀಸರ್ ಬಂದರು. ಕುಕ್ಕರಿಗೆ ಬೀಗ ಬಿತ್ತು. ಹೊಸ ಮುಚ್ಚಳ ಬರುವವರೆಗೆ ಶೆಡ್ಡು ಮುಚ್ಚಿದ್ದರಿಂದ, ಕೂಲಿ ತಪ್ಪಿದ ಹೆಂಗಸರಲ್ಲಿ ಕೆಲವರು ನವ್ಯಾಳನ್ನು ಕಂಡರೆ ಮಾತು ಬಿಟ್ಟರು. ಸೀತು ಮಾತ್ರ ಒಂದು ಸಂಜೆ ಬಂದು ಮನೆಯ ಬಟ್ಟೆಯೆಲ್ಲ ತೊಳೆದು ಹಾಕಿ ಹೋದಳು.

ರತನ್ ಊರಿಗೆ ಬಂದದ್ದು ಕೇಸು ಹಾಕಿದ ಮೇಲೆ. ಬೋಟಿನಲ್ಲಿ ಶಿರೂರಿನವನೊಬ್ಬ ಅವನ ತಲೆ ತುಂಬಿದ್ದ. ಉಣ್ಣುವಾಗ ಅದನ್ನು ಹೊರಗೆ ಹಾಕಿದ.

"ಅಮ್ಮ, ಕೈ ತಿಕ್ಕುದ್ ಸದ್ಯಕ್ಕೆ ನಿಲ್ಸ್."

ಬಾಗಿ ತುತ್ತು ನಿಲ್ಲಿಸಿದಳು. "ಎಂತಕೆ?"

"ಡಾಕ್ಟ್ರ್ ಸರ್ಟಿಫಿಕೇಟ್ ಆಯ್ಲಿ. ಕೈ ಎಷ್ಟ್ ಹಾಳಾಯ್ತೋ ಅಷ್ಟ್ ಪರ್ಸೆಂಟ್ ಅಂಬ್ರ್. ನೀನ್ ಸಮಾ ಮಾಡ್ದಷ್ಟೂ ದುಡ್ಡ್ ಕಮ್ಮಿ ಆತ್ತ್."

"ಅವ್ಳ್ ಕೈ ಮಗಾ ಅದ್."

"ನಂಗ್ ಗೊತ್ತಿಲ್ಯಾ? ಸಾಲ ತೀರ್ಸುದ್ ಯಾರ್? ಕೈ ಆಮೇಲೂ ಸಮಾ ಮಾಡ್ಲಕ್ಕ್. ಅವ್ಳ್ ದಿನಾ ಕೂಗುದ್ ಕೇಂಡ್ರೆ ನಿಂಗ್ ಎಂತದೂ ಅನ್ಸುದಿಲ್ಯಾ?"

"ಅನ್ಸತ್ತ್," ಎಂದಳು ಬಾಗಿ. "ಅನ್ಸಿಯೂ ಮಾಡ್ತೆ."

"ಉಂಬು ಹೊತ್ತಂಗೆ ಜಗಳ ಬ್ಯಾಡ," ಗುಡ್ಡ ಕೆಮ್ಮಿದ. ಬಾಗಿ ಸೊಸೆಯ ಕಡೆ ತಿರುಗಿದಳು. "ನೀನ್ ಹೇಳ್. ನಿನ್ನ ಕೈ."

ನವ್ಯಾ ತಟ್ಟೆ ನೋಡುತ್ತ ಕೂತಿದ್ದಳು. ದಿನಕ್ಕೆ ಮೂರು ಸಲ ಆ ಮಡಿಲಲ್ಲಿ ಕೈ ಇಡುವ ಭಯ ಅವಳಿಗೇ ಗೊತ್ತು. "ಸ್ವಲ್ಪ ದಿನ ಬ್ಯಾಡ ಅತ್ತೆ," ಎಂದಳು.

ಬಾಗಿ ಎದ್ದು ಕೈ ತೊಳೆದಳು. ಎಣ್ಣೆ ಬಾಟಲಿಯನ್ನು ಅಟ್ಟದ ಮೇಲಿಟ್ಟಳು. ಆಮೇಲೆ ಆ ಮಾತು ಎತ್ತಲಿಲ್ಲ. ಅವಳು ಬೈದಿದ್ದರೆ ಮನೆಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸಂಜೆ ಬಂದವಳು ಮಡಿಲಲ್ಲಿ ಏನೂ ಇಲ್ಲದೆ ಸುಮ್ಮನೆ ಜಗುಲಿಯಲ್ಲಿ ಕೂರುತ್ತಿದ್ದಳು.

ಮೊದಲ ವಾರ ನವ್ಯಾ ಚೆನ್ನಾಗಿ ನಿದ್ದೆ ಮಾಡಿದಳು. ಎರಡನೆಯ ವಾರ ಶ್ರಾವ್ಯ ಶಾಲೆಗೆ ಹೊರಟಾಗ ಜಡೆ ಹೆಣೆಯಲು ಕೂತಳು. ಮುಂಚೆ ಅರ್ಧಂಬರ್ಧ ಬಾಗುತ್ತಿದ್ದ ಬೆರಳುಗಳು ಕೂದಲು ಹಿಡಿಯಲಿಲ್ಲ. ಜಡೆ ಜಾರಿ ಬಿಚ್ಚಿಹೋಯಿತು. "ಇರ್ಲಿ ಅಮ್ಮ, ಅಜ್ಜ ರಬ್ಬರ್‌ಬ್ಯಾಂಡ್ ಹಾಕ್ತ್ರ್," ಎಂದು ಮಗು ಎದ್ದು ಹೋಯಿತು.

ಆಸ್ಪತ್ರೆಯ ತಪಾಸಣೆಗೆ ರತನ್ ಜತೆಗೆ ಹೋದ. ಡಾಕ್ಟರ್ ಬೆರಳು ಬಗ್ಗಿಸಿ ನೋಡಿದರು, ಹಿಂದಿನ ಅಳತೆ ನೋಡಿದರು. "ಹೋದ ಸಲ ಇಷ್ಟು ಗಟ್ಟಿ ಇರಲಿಲ್ಲ. ವ್ಯಾಯಾಮ ಬಿಟ್ಟಿದ್ದೀರಾ?"

ರತನ್ ನಡೆದದ್ದನ್ನು ಹೇಳಿಬಿಟ್ಟ. ಡಾಕ್ಟರ್ ಸಿಟ್ಟು ಮಾಡಲಿಲ್ಲ. "ಇನ್ನೊಂದು ತಿಂಗಳು ಹೀಗೇ ಬಿಟ್ಟರೆ ಬೆರಳಿನ ಗಂಟುಗಳೇ ಹಿಡಿದುಬಿಡುತ್ತವೆ. ಆಮೇಲೆ ಎಣ್ಣೆ ತಿಕ್ಕಿದರೆ ಬರುವುದಿಲ್ಲ, ಪುನಃ ಕೊಯ್ಯಬೇಕು. ಕೊಯ್ದರೂ ಪೂರ್ತಿ ಬರುತ್ತದೆಂದು ನಾನು ಹೇಳಲಾರೆ."

ಬರುವ ದಾರಿಯಲ್ಲಿ ಇಬ್ಬರೂ ಕುಂದಾಪುರದಲ್ಲಿ ಇಳಿದು ಚಂದ್ರಮತಿಯವರ ಆಫೀಸಿಗೆ ಹೋದರು. ಅವರು ಕೇಳಿಸಿಕೊಂಡು ರತನ್‌ನನ್ನು ನೇರ ನೋಡಿದರು.

"ಕೈ ಕೆಡ್ಸ್ಕಂಡ್ ಬನ್ನಿ ಅಂತ ಯಾವ ಕಾನೂನ್ ಹೇಳಿತ್ತ್ ಮಾರಾಯ್ರೆ? ಔಷಧಿ ಬಿಟ್ಟದ್ದ್ ಗೊತ್ತಾದ್ರೆ ಎದುರು ವಕೀಲರಿಗೆ ಅದೇ ಸಾಕ್. ಕೋರ್ಟ್ ಕೇಣುದ್ ಬೆರಳ್ ಎಷ್ಟ್ ಮಡ್ಚತ್ತ್ ಅಂತ ಮಾತ್ರ ಅಲ್ಲ. ಮುಂಚೆ ಮಾಡ್ತಿದ್ದ ಕೆಲಸ ಆ ಕೈಯಂಗೆ ಮಾಡುಕೆ ಆತ್ತಾ ಅಂತ. ಆ ಚರ್ಮ ಬೆವರತ್ತಾ, ಶಾಖ ತಡೀತ್ತಾ, ಬೀಜದ ಎಣ್ಣೆ ತಡೀತ್ತಾ? ಬೆರಳ್ ಪೂರ್ತಿ ಮಡ್ಚಿದ್ರೂ ಅದೆಲ್ಲ ಬಪ್ದಿಲ್ಲೆ. ಇದ್ದದ್ದ್ ಇದ್ದ ಹಾಂಗೆ ಹೇಳುಕೆ ಹೆದ್ರಿಕೆ ಎಂತಕೆ?"

ಬಸ್ಸಿನಲ್ಲಿ ರತನ್ ಕಿಟಕಿಯ ಕಡೆಗೇ ನೋಡುತ್ತಿದ್ದ. "ಸಾಲ ಕಂಡ್ ಬುದ್ಧಿ ಕೆಟ್ಟಿತ್ತ್," ಎಂದ.

"ನಾನೂ ಹೂಂ ಅಂದಿದ್ದೆ," ಎಂದಳು ನವ್ಯಾ. "ನೋವ್ ತಪ್ಪತ್ತಲ್ದಾ ಅಂದೇಳಿ."

ಮನೆಗೆ ಬಂದವಳೇ ನವ್ಯಾ ಸ್ಟೂಲ್ ಹಾಕಿ ಅಟ್ಟದಿಂದ ಎಣ್ಣೆ ಬಾಟಲಿ ಇಳಿಸಿದಳು. ಬಾಗಿ ಮೀನಿನ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು. ನವ್ಯಾ ಅವಳ ಮುಂದೆ ಕೂತು ಗ್ಲೌಸು ತೆಗೆದು ಕೈ ಚಾಚಿದಳು.

"ಅತ್ತೆ, ನಾನ್ ಕೂಗ್ತೆ. ನೀವ್ ಬಿಡ್ಬೇಡಿ."

ಬಾಗಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಬಿಟ್ಟ ಎರಡು ವಾರವನ್ನು ಹಿಂದಕ್ಕೆ ತರಲು ಎರಡು ತಿಂಗಳಿಗಿಂತ ಹೆಚ್ಚು ಹಿಡಿಯಿತು. ರತನ್ ಊರಲ್ಲಿದ್ದ ದಿನ ಆ ಕೆಲಸ ಅವನದು. ಮೊದಲ ದಿನ ಹೆಂಡತಿ ಕೂಗಿದೊಡನೆ ಕೈ ಬಿಟ್ಟ. ಬಾಗಿ ಪಕ್ಕದಿಂದಲೇ ಹೇಳಿದಳು, "ಬಲೆ ಎಳುಕಿದ್ರೆ ಅರ್ಧಕ್ಕೆ ಬಿಡ್ತ್ಯಾ? ಹಿಡಿ." ಅವನು ಹಿಡಿದ. ಬಿಸಿಲಿಗೆ ಹೋಗುವಾಗ ಕೈಗೆ, ಕತ್ತಿಗೆ ಬಟ್ಟೆ ಸುತ್ತುವುದನ್ನು ನೆನಪಿಸುವುದು ಶ್ರಾವ್ಯಳ ಕೆಲಸವಾಯಿತು. ತುರಿಕೆ ತಡೆಯಲಾರದೆ ನವ್ಯಾ ಚಡಪಡಿಸುವಾಗ ಗುಡ್ಡ ಒದ್ದೆ ಬಟ್ಟೆ ತಂದು ಕೊಟ್ಟು, ಬೋಟಿನ ಹಳೆಯ ಕತೆ ತೆಗೆಯುತ್ತಿದ್ದ. ಗಾಳಿಗೆ ಸಿಕ್ಕಿ ರತ್ನಾಗಿರಿಯವರೆಗೆ ಹೋದದ್ದು, ಅಲ್ಲಿ ಯಾರೋ ಪುಣ್ಯಾತ್ಮ ಊಟ ಹಾಕಿದ್ದು. ಕತೆ ಸುಳ್ಳಿರಬಹುದೆಂದು ನವ್ಯಾಳಿಗೆ ಅನುಮಾನವಿತ್ತು. ಕೇಳುತ್ತಿದ್ದಳು.

ಮಳೆಗಾಲ ಕಳೆದು ಒಂದು ದಿನ, ಅವಳು ಒಬ್ಬಳೇ ಕೂತು ಬೆರಳು ಮಡಚುತ್ತಿದ್ದಾಗ, ನಾಲ್ಕೂ ಬೆರಳಿನ ತುದಿ ಅಂಗೈಗೆ ತಾಗಿದವು. ಯಾರನ್ನೂ ಕರೆಯಲಿಲ್ಲ. ಬಿಡಿಸಿ ಮತ್ತೆ ಮಡಚಿದಳು. ತಾಗಿದವು.

ಕೇಸು ವಿಚಾರಣೆಗೆ ಬಂದದ್ದು ಮರುವರ್ಷ. ಸಾಕ್ಷಿಕಟ್ಟೆಗೆ ನವ್ಯಾ ಹತ್ತಿದಾಗ ಹಿಂದಿನ ಬೆಂಚಿನಲ್ಲಿ ಬಾಗಿ, ರತನ್ ಕೂತಿದ್ದರು. ಧಣಿಯ ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು.

"ನಿಮ್ಮ ಕೈ ಈಗ ಹೇಗಿದೆ?"

"ಮುಂಚಿಗಿಂತ ಬೇಕಾದಷ್ಟ್ ಸಮಾ ಇತ್ತ್."

"ಮುಷ್ಟಿ ಕಟ್ಟಿ ತೋರಿಸುತ್ತೀರಾ?"

ನವ್ಯಾ ಗ್ಲೌಸು ತೆಗೆದಳು. ಕೈಯ ಮೇಲ್ಬದಿಯ ಚರ್ಮ ತೇಪೆ ಹಾಕಿದಂತೆ, ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕಂದು. ಎಲ್ಲರ ಎದುರು ಕೈ ಎತ್ತಿ ಹಿಡಿದು ನಿಧಾನಕ್ಕೆ ಬೆರಳು ಮಡಚಿದಳು. ಬಿಗಿಯಾದ ಮುಷ್ಟಿ.

"ಕೋರ್ಟು ಗಮನಿಸಬೇಕು," ಎಂದರು ವಕೀಲರು. "ಹಾಗಾದರೆ ನಿಮ್ಮ ಕೈ ಸರಿಯಾಗಿದೆ."

"ಮಡ್ಚುಕೆ ಆತ್ತ್ ಸ್ವಾಮಿ. ಅನ್ನ ಉಂತೆ, ಮಗಳ ಜಡೆ ಹಾಕ್ತೆ. ಸುಳ್ಳ್ ಎಂತಕೆ ಹೇಳುದ್? ಆದ್ರೆ ಈ ಚರ್ಮ ಬೆವರುದಿಲ್ಲೆ. ಬೆಂಕಿ ಹತ್ರ ನಿಂತ್ರೆ ಉರೀತ್ತ್. ಬೀಜದ ಎಣ್ಣೆ ತಾಗಿದ್ರೆ ಒಡೀತ್ತ್. ಬಿಸಿ ಪಾತ್ರೆ ಮೇಲ್ಗೈಗೆ ತಾಗಿದ್ರೆ ನಂಗ್ ಗೊತ್ತಾತಿಲ್ಲೆ, ಗುಳ್ಳೆ ಎದ್ದ ಮೇಲೆ ಕಾಂಬುದ್. ಹತ್ತ್ ವರ್ಷ ಬೀಜದ ಕೆಲಸ ಮಾಡಿದೆ. ಅದೊಂದೇ ನಂಗ್ ಬಪ್ಪ ಕೆಲಸ. ಅದ್ ಇನ್ನ್ ಆತಿಲ್ಲೆ."

ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಕೈ ಇಷ್ಟು ಮಡಚುವ ಹಾಗೆ ಆದದ್ದು ಆಸ್ಪತ್ರೆಯಲ್ಲೋ?"

"ಆಸ್ಪತ್ರೆಯಂಗೆ ಹೇಳಿ ಕೊಟ್ರ್. ಮಾಡಿದ್ದ್ ನಮ್ಮತ್ತೆ."

ಬಾಗಿ ಸೆರಗು ಎಳೆದುಕೊಂಡು ಕಿಟಕಿಯ ಕಡೆ ನೋಡಿದಳು.

ಡಾಕ್ಟರ್ ಬಂದು, ಕೈಯ ಚಲನೆ ಎಷ್ಟು ಮರಳಿದೆ, ಚರ್ಮ ಏನೇನು ತಡೆಯಲಾರದು, ಬೀಜದ ಶೆಡ್ಡಿನ ಕೆಲಸಕ್ಕೆ ಆಕೆ ಏಕೆ ಮರಳಲಾಗದು ಎಂದು ಬಿಡಿಸಿ ಹೇಳಿದರು. ಕೊನೆಗೆ ಧಣಿಯ ಕಡೆಯ ಸಾಕ್ಷಿಯಾಗಿ ದಾಮೋದರ ಹತ್ತಿದ. ನವ್ಯಾ ಎಚ್ಚರ ತಪ್ಪಿ ಮುಚ್ಚಳ ತೆರೆದಳೆಂದು ಹೇಳಲು ಬಂದವನು. ಅದನ್ನು ಹೇಳಿಯೂ ಹೇಳಿದ, ತಗ್ಗಿದ ದನಿಯಲ್ಲಿ. ಚಂದ್ರಮತಿ ಎದ್ದು ನಿಂತರು.

"ಮುಚ್ಚಳದ ರಬ್ಬರು ಹರಿದದ್ದು ನಿಮಗೆ ಮೊದಲೇ ಗೊತ್ತಿತ್ತೆ?"

ದಾಮೋದರ ಧಣಿಯ ಕಡೆ ನೋಡಲಿಲ್ಲ. "ಗೊತ್ತಿತ್ತು."

"ಮೇಸ್ತ್ರಿಯಾಗಿ ಹೇಳಿ. ಈ ಕೈಯಲ್ಲಿ ನವ್ಯಾ ನಾಳೆ ಕೆಲಸ ಕೇಳಿಕೊಂಡು ಬಂದರೆ ಕೊಡುತ್ತೀರಾ?"

ಅವನು ಕಟಕಟೆಯ ಮರವನ್ನು ಹಿಡಿದುಕೊಂಡು ನಿಂತ. ಧಣಿಯ ವಕೀಲರು ಏನೋ ಹೇಳಲು ಎದ್ದರು. ಅಷ್ಟರಲ್ಲಿ ದಾಮೋದರ, "ಇಲ್ಲ," ಎಂದ. "ಆ ಚರ್ಮಕ್ಕೆ ಅಲ್ಲಿಯ ಶಾಖ, ಎಣ್ಣೆ ಆಗುವುದಿಲ್ಲ. ನನ್ನ ಶೆಡ್ಡಿನಲ್ಲಿ ಅವಳಷ್ಟು ಒಳ್ಳೆ ಕೆಲಸದವಳು ಇರಲಿಲ್ಲ. ಆದರೂ ಕೊಡಲಾರೆ."

ಹೊರಗೆ ಬಂದಾಗ ಅವನು ಮೆಟ್ಟಿಲ ಹತ್ತಿರ ನಿಂತಿದ್ದ. ರತನ್ ಅವನನ್ನು ದಾಟಿ ಹೋದವನು ಹಿಂದೆ ಬಂದು, "ಚಾ ಕುಡೀವ ಬಾ," ಎಂದ. ಆ ತಿಂಗಳೇ ದಾಮೋದರನ ಕೆಲಸ ಹೋಯಿತು. ಮುಂದೆ ಹಟ್ಟಿಯಂಗಡಿ ಕಡೆ ಬೇರೆ ಕಾರ್ಖಾನೆಗೆ ಸೇರಿದ.

ತೀರ್ಪು ಬಂದ ದಿನ ರತನ್ ಕಡಲಿನಲ್ಲಿದ್ದ, ಗುಡ್ಡ ಮೊಮ್ಮಗಳ ಶಾಲೆಗೆ ಹೋಗಿದ್ದ. ಚಂದ್ರಮತಿಯವರ ಫೋನು ಬಂದಾಗ ನವ್ಯಾ ಒಬ್ಬಳೇ ಇದ್ದಳು. ಆರೂವರೆ ಲಕ್ಷ, ಮೇಲೆ ಬಡ್ಡಿ. ಆಸ್ಪತ್ರೆಯ ಖರ್ಚು ಬೇರೆ. ಕೇಳಿದ್ದಷ್ಟು ಸಿಗಲಿಲ್ಲ, ಧಣಿ ಮೇಲಿನ ಕೋರ್ಟಿಗೆ ಹೋಗಬಹುದು, ಹೋದರೂ ಹಣ ಮೊದಲು ಕಟ್ಟಿಯೇ ಹೋಗಬೇಕು ಎಂದು ಚಂದ್ರಮತಿ ವಿವರಿಸಿದರು. ನವ್ಯಾ ಎಲ್ಲಕ್ಕೂ ಹೂಂ ಎಂದಳು. ಫೋನಿಟ್ಟ ಮೇಲೆ ಮನೆಯೊಳಗೆ ಎರಡು ಸಲ ಓಡಾಡಿ, ಬಾಗಿಲು ಹಾಕಿ, ಬೈಂದೂರಿನ ಬಸ್ಸು ಹತ್ತಿದಳು.

ಮಾರ್ಕೆಟ್ಟಿನಲ್ಲಿ ವ್ಯಾಪಾರದ ಬಿರುಸು. ಬಾಗಿ ಮಣೆಯ ಮೇಲೆ ಕೂತು ಒಬ್ಬ ಹೆಂಗಸಿಗೆ ಅಂಜಲ್ ಮೀನು ತುಂಡು ಮಾಡುತ್ತಿದ್ದಳು. ಗ್ಲೌಸು, ಬಟ್ಟೆ ಎರಡೂ ಇಲ್ಲದೆ ಬಿಸಿಲಲ್ಲಿ ಬಂದ ಸೊಸೆಯನ್ನು ಕಂಡು ಕತ್ತಿ ನಿಲ್ಲಿಸಿದಳು.

"ಎಂತ ಆಯ್ತ್? ಮಗುವಿಗಾ?"

"ಎಲ್ರೂ ಹುಷಾರಿದ್ರ್. ತೀರ್ಪ್ ಆಯ್ತ್ ಅತ್ತೆ. ನಮ್ಮ ಕಡೆ." ಬಗ್ಗಿ ಕಿವಿಯಲ್ಲಿ ಉಳಿದದ್ದನ್ನು ಹೇಳಿದಳು.

ಬಾಗಿ ತುಂಡು ಮಾಡುವುದನ್ನು ಮುಗಿಸಿ, ಕಟ್ಟಿ ಕೊಟ್ಟು, ದುಡ್ಡು ತೆಗೆದುಕೊಂಡು, ಚಿಲ್ಲರೆ ಹಿಂದೆ ಕೊಟ್ಟಳು.

ಆ ಹೆಂಗಸು ನವ್ಯಾಳ ಕೈಯನ್ನೇ ನೋಡುತ್ತಿದ್ದಳು. "ಅಯ್ಯೋ, ಎಂತ ಆದ್ದ್ ಇದ್?"

ಯಾರಾದರೂ ಹೀಗೆ ಕೇಳಿದರೆ ನವ್ಯಾ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುವುದು ಬಾಗಿಗೆ ಗೊತ್ತಿತ್ತು. ತಾನೇ ಉತ್ತರ ಕೊಡಲು ಬಾಯಿ ತೆರೆದಳು.

"ಸುಟ್ಟದ್ದ್," ಎಂದಳು ನವ್ಯಾ. "ಬೀಜದ ಶೆಡ್ಡಂಗೆ, ಹಬೆಗೆ. ಈಗ ಗುಣ ಆಯ್ತ್." ಮತ್ತೆ ಆ ಹೆಂಗಸಿನ ಹಿಂದೆ ನಿಂತಿದ್ದವರ ಕಡೆ ತಿರುಗಿ, "ನಿಮ್ಗೆ ಎಂತ ಬೇಕ್? ಬಂಗುಡೆ ಲಾಯ್ಕಿತ್ತ್, ಬೆಳಿಗ್ಗೆ ಬಂದದ್ದ್," ಎಂದಳು.

ಬಾಗಿ ಮಣೆಯಿಂದ ಚೂರು ಸರಿದು ಜಾಗ ಮಾಡಿದಳು. ನವ್ಯಾ ಕೂತು ಐಸಿನೊಳಗೆ ಬಲಗೈ ಹಾಕಿದಳು. ಕೈಯ ಮೇಲ್ಬದಿಗೆ ಏನೂ ತಿಳಿಯಲಿಲ್ಲ. ಹಬೆ ಮುಟ್ಟದ ಅಂಗೈಗೆ ಮಾತ್ರ ತಂಪು ಚೆನ್ನಾಗಿ ಗೊತ್ತಾಯಿತು. ಒಂದೊಂದೇ ಬಂಗುಡೆ ಹಿಡಿದು ತಕ್ಕಡಿಗೆ ಹಾಕಿದಳು.

"ತೂಕ ಸಮಾ ಹಿಡಿ ಹೆಣೆ," ಎಂದಳು ಬಾಗಿ.